ರಾಸ್ ದ್ವೀಪದಲ್ಲಿ ಛಾಯಾಗ್ರಹಣ: ಜಿಂಕೆ, ನವಿಲು ಮತ್ತು ಪಾಳುಗೋಡೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಅಂಡಮಾನಿಗೆ ನೇರ ವಿಮಾನವಿರುವುದರಿಂದ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಅಲ್ಲಿಗೆ ಹೋಗುವ ಕನ್ನಡಿಗರು ಕಡಿಮೆಯೇನಿಲ್ಲ. ಅವರಲ್ಲಿ ಹೆಚ್ಚಿನವರು ಸೆಲ್ಯುಲಾರ್ ಜೈಲು ನೋಡಿದ ಮೇಲೆ ಎದುರಿಗೇ ಕಾಣುವ ರಾಸ್ ದ್ವೀಪಕ್ಕೂ ಒಂದು ಸುತ್ತು ಹೋಗಿ ಬರುತ್ತಾರೆ. ಹೋಗುವ ಮೊದಲೂ ಬಂದ ಮೇಲೂ ಅವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ರಾಸ್ ದ್ವೀಪ ಎಲ್ಲಿದೆ? ಅದರ ಹೆಸರು ಬದಲಾಗಿದೆಯಲ್ಲವೇ?

ಪೋರ್ಟ್ ಬ್ಲೇರ್ ಬಂದರಿನ ಬಾಯಿಗೆ ಅಡ್ಡಲಾಗಿ, ಊರಿನ ಪೂರ್ವಕ್ಕೆ ಎರಡು ಮೂರು ಕಿಲೋಮೀಟರ್ ದೂರದಲ್ಲಿರುವ ಪುಟ್ಟ ದ್ವೀಪ ಇದು. ವಿಸ್ತೀರ್ಣ ಒಂದು ಚದರ ಕಿಲೋಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸಮುದ್ರ ಸಮೀಕ್ಷೆ ನಡೆಸಿದ ಡೇನಿಯಲ್ ರಾಸ್ ಅವರಿಂದ ಹಳೆಯ ಹೆಸರು ಬಂತು. 2018ರ ಡಿಸೆಂಬರ್ 30ರಂದು ಇದಕ್ಕೆ ‘ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ’ ಎಂದು ಮರುನಾಮಕರಣ ಮಾಡಲಾಯಿತು. 1943ರಲ್ಲಿ ಅದೇ ದಿನ ಸುಭಾಷರು ಪೋರ್ಟ್ ಬ್ಲೇರ್‌ನಲ್ಲಿ ತ್ರಿವರ್ಣಧ್ವಜ ಹಾರಿಸಿದ್ದರು. ಪೋರ್ಟ್ ಬ್ಲೇರ್ ಕೂಡ 2024ರ ಸೆಪ್ಟೆಂಬರ್‌ನಿಂದ ‘ಶ್ರೀ ವಿಜಯಪುರಂ’ ಆಗಿದೆ. ದೋಣಿ ಕಟ್ಟೆಯಲ್ಲಿ, ಆಟೋದವರ ಬಾಯಲ್ಲಿ ಹಳೆಯ ಹೆಸರುಗಳೇ ಓಡಾಡುತ್ತಿರುವುದರಿಂದ ಇಲ್ಲಿಯೂ ಅವನ್ನೇ ಬಳಸಲಾಗಿದೆ.

ಆ ಪಾಳುಬಿದ್ದ ಕಟ್ಟಡಗಳು ಯಾರವು? ಅವು ನೋಡುವಷ್ಟು ಹಳೆಯವೇ?

ಹಂಪಿ, ಬಾದಾಮಿಗಳನ್ನು ಕಂಡವರಿಗೆ ಇವು ಹಳೆಯವು ಎನಿಸಲಾರವು. ಅತ್ಯಂತ ಹಿರಿಯ ಗೋಡೆಗೂ ಇನ್ನೂ ಇನ್ನೂರು ವರ್ಷ ತುಂಬಿಲ್ಲ. 1857ರ ದಂಗೆಯ ಬಳಿಕ ಸೆರೆಸಿಕ್ಕವರನ್ನು ಗಡೀಪಾರು ಮಾಡಲು ಬ್ರಿಟಿಷರು ಅಂಡಮಾನನ್ನು ಆರಿಸಿಕೊಂಡರು. 1858ರ ಮಾರ್ಚ್‌ನಲ್ಲಿ ಜೇಮ್ಸ್ ಪ್ಯಾಟಿಸನ್ ವಾಕರ್ ಎಂಬ ಅಧಿಕಾರಿ 200 ಕೈದಿಗಳೊಂದಿಗೆ ಬಂದಿಳಿದ. ಮೊದಲು ಚಾಥಮ್ ದ್ವೀಪದಲ್ಲಿ ಬೀಡುಬಿಟ್ಟು, ನೀರು ಸಾಲದೆ ರಾಸ್‌ಗೆ ಬಂದರು. ಕಾಡು ಕಡಿದವರು, ಕಲ್ಲು ಹೊತ್ತವರು, ಗೋಡೆ ಎಬ್ಬಿಸಿದವರು ಆ ಕೈದಿಗಳೇ. ಮುಂದೆ ಎಂಟು ದಶಕಗಳ ಕಾಲ ಇದು ಇಡೀ ದ್ವೀಪಸಮೂಹದ ಆಡಳಿತ ಕೇಂದ್ರವಾಗಿತ್ತು. ಮುಖ್ಯ ಆಯುಕ್ತರ ಬಂಗಲೆ, ಪ್ರೆಸ್ಬಿಟೇರಿಯನ್ ಚರ್ಚ್, ಆಸ್ಪತ್ರೆ, ಬೇಕರಿ, ಮುದ್ರಣಾಲಯ, ಕ್ಲಬ್ಬು, ಟೆನಿಸ್ ಅಂಗಳ, ಈಜುಕೊಳ, ನೀರು ಭಟ್ಟಿ ಇಳಿಸುವ ಘಟಕ ಎಲ್ಲವೂ ಈ ಅಂಗೈಯಗಲದ ನೆಲದಲ್ಲಿ ತಲೆಯೆತ್ತಿದವು.

1941ರ ಜೂನ್ 26ರ ಭಾರೀ ಭೂಕಂಪದಿಂದ ಕಟ್ಟಡಗಳು ಬಿರುಕುಬಿಟ್ಟವು. 1942ರ ಮಾರ್ಚ್‌ನಲ್ಲಿ ಜಪಾನೀಯರು ಅಂಡಮಾನನ್ನು ವಶಪಡಿಸಿಕೊಂಡು 1945ರವರೆಗೆ ಇದ್ದರು. ಕಟ್ಟೆಯ ಹತ್ತಿರವೇ ಕಾಣುವ ಕಾಂಕ್ರೀಟಿನ ಬಂಕರುಗಳು ಅವರವು. ಯುದ್ಧ ಮುಗಿದ ಮೇಲೆ ಆಡಳಿತ ಇಲ್ಲಿಗೆ ಮರಳಲಿಲ್ಲ. ದ್ವೀಪವನ್ನು ಆಲ, ಅರಳಿ, ಅತ್ತಿಗಳ ಜಾತಿಯ ಮರಗಳು ವಹಿಸಿಕೊಂಡವು. 1979ರಲ್ಲಿ ನೌಕಾಪಡೆಯ ಸುಪರ್ದಿಗೆ ಬಂದಿತು.

ಜಿಂಕೆಗಳು ಈ ದ್ವೀಪಕ್ಕೆ ಬಂದದ್ದು ಹೇಗೆ? ಅವನ್ನು ವನ್ಯಜೀವಿ ಎನ್ನಬಹುದೇ?

ಅಂಡಮಾನಿನ ಮೂಲ ಪ್ರಾಣಿಗಳಲ್ಲಿ ಜಿಂಕೆಯ ಜಾತಿಯೇ ಇರಲಿಲ್ಲ. ಇಲ್ಲಿ ಕಾಣುವುದು ಬಂಡೀಪುರ, ನಾಗರಹೊಳೆಗಳಲ್ಲಿ ನಾವು ನೋಡುವ ಅದೇ ಚುಕ್ಕೆ ಜಿಂಕೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷ್ ಅಧಿಕಾರಿಗಳು ತಮ್ಮ ಬೇಟೆಯ ಚಟಕ್ಕಾಗಿ ಅದನ್ನು ಹಡಗಿನಲ್ಲಿ ತರಿಸಿದರು. ಹುಲಿ, ಚಿರತೆ, ಸೀಳುನಾಯಿ ಯಾವುದೂ ಇಲ್ಲದ ನಾಡಿನಲ್ಲಿ ಅದು ನಿರಾತಂಕವಾಗಿ ಬೆಳೆಯಿತು. ಚೆನ್ನಾಗಿ ಈಜಬಲ್ಲ ಪ್ರಾಣಿಯಾದ್ದರಿಂದ ದ್ವೀಪದಿಂದ ದ್ವೀಪಕ್ಕೆ ದಾಟಿತು. ಇಂದು ಅಂಡಮಾನಿನ ಅರಣ್ಯಗಳಲ್ಲಿ ಎಳೆಯ ಸಸಿಗಳನ್ನು ಮೇಯ್ದು ಕಾಡಿನ ಮರುಹುಟ್ಟಿಗೇ ಅಡ್ಡಿಯಾಗಿರುವ ಆಕ್ರಮಣಕಾರಿ ಪ್ರಭೇದಗಳಲ್ಲಿ ಇದೂ ಒಂದೆಂದು ಪರಿಸರ ವಿಜ್ಞಾನಿಗಳು ಎಣಿಸುತ್ತಾರೆ. ನವಿಲನ್ನೂ ಹಾಗೆಯೇ ಹೊರಗಿನಿಂದ ತಂದು ಬಿಟ್ಟದ್ದು.

ಹೀಗಾಗಿ ರಾಸ್‌ನಲ್ಲಿ ಪಾಳುಗೋಡೆ ಮತ್ತು ಪ್ರಾಣಿ ಎಂಬ ಎರಡು ವಿಷಯಗಳಿಲ್ಲ, ಒಂದೇ ಇದೆ ಎಂಬುದು ಈ ಲೇಖಕನ ಅಭಿಪ್ರಾಯ. ಕಟ್ಟಿದವರು ಬಿಟ್ಟುಹೋದ ಗೋಡೆ ಹೇಗೋ, ತಂದವರು ಬಿಟ್ಟುಹೋದ ಜಿಂಕೆಯೂ ಹಾಗೆಯೇ. ಇದು ತಿಳಿದಿದ್ದರೆ ಎಲ್ಲಿ ನಿಲ್ಲಬೇಕು, ಚೌಕಟ್ಟಿನೊಳಗೆ ಏನನ್ನು ಸೇರಿಸಿಕೊಳ್ಳಬೇಕು ಎಂಬುದು ಅರ್ಧ ತೀರ್ಮಾನವಾದಂತೆ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಇವು ವನ್ಯಜೀವಿಗಳೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಚುಕ್ಕೆ ಜಿಂಕೆಗೂ ಇದೆ, ರಾಷ್ಟ್ರಪಕ್ಷಿಗೂ ಇದೆ.

ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?

ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ. ನೈಋತ್ಯ ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ತಿಂಗಳ ಮೂರನೆಯ ವಾರದ ಹೊತ್ತಿಗೆ, ಅಂಡಮಾನನ್ನು ಮುಟ್ಟುತ್ತದೆ. ಹಿಂಗಾರಿನ ಮಳೆಯೂ ಇಲ್ಲಿ ಬೀಳುತ್ತದೆ. ಕಡಲು ಕೆರಳಿದ ದಿನ ದೋಣಿಗಳನ್ನು ನಿಲ್ಲಿಸುತ್ತಾರೆ. ಆದರೂ ಮಳೆ ಬಿಟ್ಟ ಮಾರನೆಯ ದಿನದ ರಾಸ್ ಬೇರೆಯೇ ರೀತಿ ಕಾಣುತ್ತದೆ. ಗೋಡೆಯ ಪಾಚಿ ಹಸಿರೇರಿ, ಇಟ್ಟಿಗೆ ಕಡುಗೆಂಪಾಗಿ, ಬಿಸಿಲು ಮೋಡದ ಹಿಂದಿದ್ದು ನೆರಳುಗಳು ಮೆತ್ತಗಾಗಿರುತ್ತವೆ. ಪ್ರವಾಸದಲ್ಲಿ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಬಲ್ಲವರು ನವೆಂಬರ್ ಅಂತ್ಯವನ್ನೂ ಪರಿಗಣಿಸಬಹುದು.

ದಿನದ ಯಾವ ಹೊತ್ತಿನ ಬೆಳಕು ಚೆನ್ನಾಗಿರುತ್ತದೆ?

ಈ ವಿಷಯದಲ್ಲಿ ನಮ್ಮವರು ಏಮಾರುವುದು ಗಡಿಯಾರವನ್ನು ನಂಬಿ. ಅಂಡಮಾನಿನಲ್ಲಿಯೂ ಭಾರತೀಯ ಕಾಲಮಾನವೇ ಜಾರಿಯಲ್ಲಿದೆ. ಆದರೆ ದ್ವೀಪಗಳು ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿರುವುದರಿಂದ ಸೂರ್ಯ ಅಲ್ಲಿ ಒಂದು ಗಂಟೆ ಮುಂದಿರುತ್ತಾನೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಐದೂವರೆ ದಾಟುತ್ತಿದ್ದಂತೆ ಹುಟ್ಟಿ, ಸಂಜೆ ಐದರ ಆಸುಪಾಸಿನಲ್ಲಿ ಮುಳುಗಿಬಿಡುತ್ತಾನೆ. ನಡುಹಗಲು ಬರುವುದು ಹನ್ನೊಂದು ಕಾಲರ ಸುಮಾರಿಗೆ. ಹತ್ತು ಗಂಟೆಯ ದೋಣಿ ಹಿಡಿದರೆ ‘ಬೆಳಗಿನ ಬೆಳಕು’ ಸಿಕ್ಕೀತು ಎಂದು ಲೆಕ್ಕ ಹಾಕಿದವರು ಇಳಿಯುವ ಹೊತ್ತಿಗೆ ನೆತ್ತಿಯ ಮೇಲೆ ಬಿಸಿಲು ಬಂದಿರುತ್ತದೆ.

ಆದ್ದರಿಂದ ದಿನದ ಮೊದಲ ದೋಣಿಯನ್ನೇ ಹಿಡಿಯಿರಿ, ಇಲ್ಲವಾದರೆ ಮಧ್ಯಾಹ್ನ ಎರಡರ ನಂತರದ ದೋಣಿ. ದ್ವೀಪದ ಪಶ್ಚಿಮದ ಮಗ್ಗುಲು, ಅಂದರೆ ಕಟ್ಟೆಯಿರುವ, ಪೋರ್ಟ್ ಬ್ಲೇರ್ ಕಡೆಗೆ ಮುಖ ಮಾಡಿದ ಭಾಗ, ಮಧ್ಯಾಹ್ನದ ಮೇಲೆ ಬೆಳಗುತ್ತದೆ. ತೆರೆದ ಕಡಲಿನತ್ತ ಇರುವ ಪೂರ್ವದ ಮಗ್ಗುಲಿಗೆ ಬೆಳಗಿನ ಬೆಳಕೇ ಬೇಕು. ಏಪ್ರಿಲ್‌ನ ಮೂರನೆಯ ವಾರದ ಹೊತ್ತಿಗೆ ಸೂರ್ಯ ನಟ್ಟನಡು ನೆತ್ತಿಗೆ ಬರುತ್ತಾನೆ. ಡಿಸೆಂಬರ್‌ನಲ್ಲಾದರೆ ನಡುಹಗಲಿನಲ್ಲೂ ಸುಮಾರು 55 ಡಿಗ್ರಿಗಿಂತ ಮೇಲೇರುವುದಿಲ್ಲ. ಅದೇ ಗೋಡೆಯ ಉಬ್ಬುತಗ್ಗುಗಳು ಡಿಸೆಂಬರ್‌ನ ಹನ್ನೊಂದಕ್ಕೆ ಕಾಣುವಷ್ಟು ಸ್ಪಷ್ಟವಾಗಿ ಏಪ್ರಿಲ್‌ನ ಹನ್ನೊಂದಕ್ಕೆ ಕಾಣದಿರುವುದು ಇದರಿಂದಲೇ.

ದ್ವೀಪದಲ್ಲಿ ಎಷ್ಟು ಹೊತ್ತು ಸಿಗುತ್ತದೆ?

ಅಬರ್ಡೀನ್ ಕಟ್ಟೆಯಿಂದ ದೋಣಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ. ಇಳಿದ ಮೇಲೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗಂಟೆ ಸಮಯ ಕೊಡುತ್ತಾರೆ. ಬಂದ ದೋಣಿಯಲ್ಲಿಯೇ ಮರಳಬೇಕು. ರಾಸ್ ಮತ್ತು ಹತ್ತಿರದ ಇನ್ನೊಂದು ಪ್ರವಾಸಿ ತಾಣವಾದ ನಾರ್ತ್ ಬೇ ಎರಡನ್ನೂ ಸೇರಿಸಿದ ಟಿಕೆಟ್ ಅಗ್ಗವೆನಿಸಿದರೂ ಛಾಯಾಗ್ರಾಹಕರಿಗೆ ಅದು ಸಲ್ಲದು, ಏಕೆಂದರೆ ಅದರಲ್ಲಿ ಬೆಳಕಿನ ಹೊತ್ತನ್ನು ಆರಿಸುವ ಹಕ್ಕು ನಿಮ್ಮ ಕೈತಪ್ಪುತ್ತದೆ. ರಾಸ್‌ಗೆ ಮಾತ್ರ ಹೋಗುವ ಟಿಕೆಟ್ ಕೇಳಿ ಪಡೆಯಿರಿ. ವಾರದಲ್ಲಿ ಬುಧವಾರ ರಜೆ ಇರುವುದು ರೂಢಿ, ಹೊರಡುವ ಮುನ್ನ ಕಟ್ಟೆಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇರುವ ಸಮಯದಲ್ಲಿ ಎಲ್ಲವನ್ನೂ ಹಿಡಿಯಲು ಓಡಬೇಡಿ. ದೋಣಿಯ ಜನ ಒಟ್ಟಾಗಿ ಬಂಕರಿನತ್ತ ಹೊರಟಾಗ ನೀವು ನೇರವಾಗಿ ಏರು ಹತ್ತಿ ಚರ್ಚಿನ ಕಡೆಗೆ ನಡೆದರೆ ಮೊದಲ ಇಪ್ಪತ್ತು ನಿಮಿಷ ಅಲ್ಲಿ ಹೆಚ್ಚು ಜನರಿರುವುದಿಲ್ಲ. ಆಚೆ ಬದಿಯ ದೀಪಸ್ತಂಭದವರೆಗೆ ಮೆಟ್ಟಿಲಿಳಿದು ಹೋಗಿ ಬರಲು ಗಣನೀಯ ಸಮಯ ಬೇಕು. ಅದನ್ನು ಬಿಡುವುದೋ ಗೋಡೆಗಳನ್ನು ಬಿಡುವುದೋ ಎಂಬುದನ್ನು ದೋಣಿಯಲ್ಲಿಯೇ ತೀರ್ಮಾನಿಸಿಕೊಂಡಿರಬೇಕು. ನಮ್ಮ ಮತ ಗೋಡೆಗಳಿಗೆ.

ಯಾವ ಲೆನ್ಸ್ ಒಯ್ಯಬೇಕು? ಮೊಬೈಲ್ ಸಾಕಾಗುತ್ತದೆಯೇ?

ಕಬಿನಿ ಸಫಾರಿಗೆಂದು ಕೊಂಡ 150–600 ಮಿಲಿಮೀಟರ್ ಲೆನ್ಸನ್ನು ಹೋಟೆಲಿನ ಕೋಣೆಯಲ್ಲಿಯೇ ಬಿಡಬಹುದು. ಇಲ್ಲಿನ ಜಿಂಕೆಗಳು ನಿಮ್ಮಿಂದ ನಾಲ್ಕಾರು ಮಾರು ದೂರದಲ್ಲಿ ಮೇಯುತ್ತಿರುತ್ತವೆ. 24–70 ಅಥವಾ 24–105ರಂಥ ಒಂದು ಲೆನ್ಸ್, ಜೊತೆಗೆ 70–200 ಇದ್ದರೆ ಧಾರಾಳವಾಯಿತು. ಒಂದನ್ನೇ ಒಯ್ಯುವುದಾದರೆ ಮೊದಲನೆಯದು. ಪೋಲರೈಸರ್ ಫಿಲ್ಟರ್ ಮರೆಯಬಾರದು. ತೇವದ ಎಲೆಗಳ ಮೇಲಿನ ಬಿಳಿ ಹೊಳಪನ್ನು ಅಡಗಿಸಿ ಹಸಿರಿನ ನಿಜವಾದ ಬಣ್ಣ ತೋರಿಸುವುದರಲ್ಲಿ ಅದಕ್ಕೆ ಬದಲಿಯಿಲ್ಲ, ಈ ಕೆಲಸವನ್ನು ಕಂಪ್ಯೂಟರಿನಲ್ಲಿ ಆಮೇಲೆ ಮಾಡಲಾಗದು.

ಮೊಬೈಲಿನಲ್ಲೂ ಒಳ್ಳೆಯ ಚಿತ್ರ ತೆಗೆಯಬಹುದು, ವಿಶೇಷವಾಗಿ ಗೋಡೆಗಳದ್ದು. ಆದರೆ ಅದರ ಅತಿಅಗಲದ ಲೆನ್ಸಿಗೆ ಜೋತುಬಿದ್ದರೆ ಗೋಡೆಗಳು ಹಿಂದಕ್ಕೆ ವಾಲಿ, ಜಿಂಕೆಯ ಮೂತಿ ಊದಿಕೊಂಡು ಕಾಣುತ್ತದೆ. ಸಾಧಾರಣ ಲೆನ್ಸಿನಲ್ಲಿಯೇ ಎರಡು ಹೆಜ್ಜೆ ಹಿಂದೆ ಸರಿಯಿರಿ.

ಬೇರು ಹಬ್ಬಿದ ಗೋಡೆಗಳ ಚಿತ್ರ ಗೊಂದಲವಾಗಿ ಬರುತ್ತದೆ. ಏನು ಮಾಡಬೇಕು?

ಇದು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ. ಕಣ್ಣಿಗೆ ಬೆರಗು ಹುಟ್ಟಿಸಿದ ದೃಶ್ಯ ಚಿತ್ರದಲ್ಲಿ ಬರಿಯ ಸಿಕ್ಕಾಗಿ ಕಾಣುವುದು ನಿಜ. ಕಾರಣ ಎರಡು. ಮೊದಲನೆಯದು ಬೆಳಕಿನ ತಾರತಮ್ಯ. ಚಾವಣಿಯಿಲ್ಲದ ಕೋಣೆಗಳಿಗೆ ಎಲೆಗಳ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಿದ್ದಿರುತ್ತದೆ. ಬಿಸಿಲಿಗೆ ಎಕ್ಸ್‌ಪೋಷರ್ ಹೊಂದಿಸಿದರೆ ಬೇರು ಕಪ್ಪಾಗುತ್ತದೆ, ಬೇರಿಗೆ ಹೊಂದಿಸಿದರೆ ಬಿಸಿಲು ಬಿದ್ದೆಡೆ ಬೆಳ್ಳಗೆ ಸುಟ್ಟುಹೋಗುತ್ತದೆ. ಒಂದು ಮೋಡ ಅಡ್ಡ ಬರುವವರೆಗೆ ಕಾಯುವುದೇ ಎಲ್ಲಕ್ಕಿಂತ ಒಳ್ಳೆಯ ಪರಿಹಾರ, ಕಡಲ ನಡುವೆ ಮೋಡಕ್ಕೇನೂ ಬರವಿಲ್ಲ. ಕಾಯಲು ಆಗದಿದ್ದರೆ ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ), ಬೆಳಕಿನ ಭಾಗ ಸುಡದಂತೆ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಕಡಿಮೆ ಮಾಡಿ ತೆಗೆದು, ನೆರಳನ್ನು ಆಮೇಲೆ ಎತ್ತಿಕೊಳ್ಳಿ.

ಎರಡನೆಯ ಕಾರಣ, ನೋಡುವವರ ಕಣ್ಣಿಗೆ ಹಿಡಿದು ನಡೆಯಲು ಚಿತ್ರದಲ್ಲಿ ಒಂದು ಎಳೆ ಸಿಗದಿರುವುದು. ಬೇರುಗಳ ಹತ್ತಿರ ಹೋಗಿ ಸ್ವಲ್ಪ ಹೊತ್ತು ನೋಡಿ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಬೀಜ ಗೋಡೆಯ ನೆತ್ತಿಯ ಬಿರುಕಿನಲ್ಲಿ ಮೊಳೆತಿರುತ್ತದೆ. ಅಲ್ಲಿಂದ ಇಳಿದ ಎಳೆಬೇರು ಗಟ್ಟಿ ಇಟ್ಟಿಗೆಯನ್ನು ಬಿಟ್ಟು ಮೆತ್ತನೆಯ ಗಾರೆಯ ಗೆರೆಯನ್ನು ಹಿಡಿಯುತ್ತದೆ. ಒಂದು ಇಟ್ಟಿಗೆಯ ಉದ್ದ ಅಡ್ಡಕ್ಕೆ ಹರಿದು, ತಿರುಗಿ ಒಂದು ಇಟ್ಟಿಗೆಯ ಎತ್ತರ ಕೆಳಕ್ಕಿಳಿದು, ಮತ್ತೆ ಅಡ್ಡಕ್ಕೆ ಹೊರಳುತ್ತದೆ. ವರ್ಷಗಳು ಕಳೆದು ಬೇರು ದಪ್ಪಗಾದಾಗ ಗಾರೆ ಉದುರಿ, ಇಟ್ಟಿಗೆಗಳು ಸಡಿಲವಾಗಿ, ಅವು ಬೀಳದಂತೆ ಹಿಡಿದಿರುವುದೂ ಅದೇ ಬೇರು. ಕೆಲವೆಡೆ ಇಟ್ಟಿಗೆಗಳೆಲ್ಲ ಬಿದ್ದುಹೋಗಿ, ಅವುಗಳ ಗಾರೆಗೆರೆಯ ವಿನ್ಯಾಸದಲ್ಲೇ ಬೇರಿನ ಬಲೆ ಮಾತ್ರ ನಿಂತಿರುತ್ತದೆ. ಇಡೀ ಗೋಡೆಯನ್ನು ತುಂಬಿಸುವ ಬದಲು ಅಂಥ ಒಂದು ತಿರುವು, ಒಂದು ಕಿಟಕಿಯ ಕಮಾನು, ಒಂದು ಬೇರು ನೆಲ ಮುಟ್ಟುವ ಜಾಗ, ಹೀಗೆ ಒಂದನ್ನೇ ಆರಿಸಿದರೆ ಚಿತ್ರ ತಾನಾಗಿ ತಿಳಿಯಾಗುತ್ತದೆ.

ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡದೆ ಗೋಡೆಗೆ ಸಮಾನಾಂತರವಾಗಿ ಹಿಡಿಯಿರಿ. ಎಫ್ 8ರಿಂದ ಎಫ್ 11ರ ಅಪರ್ಚರ್ ಸಾಕು. ದಟ್ಟ ನೆರಳಿನಲ್ಲಿ ಎಲೆಗಳಿಂದ ಸೋಸಿ ಬಂದ ಬೆಳಕು ಎಲ್ಲಕ್ಕೂ ಹಸಿರು ಛಾಯೆ ಹಚ್ಚುತ್ತದೆ. ವೈಟ್ ಬ್ಯಾಲೆನ್ಸ್ ಸರಿಪಡಿಸುವಾಗ ಅದನ್ನು ಪೂರ್ತಿ ತೊಳೆಯದೆ ಸ್ವಲ್ಪ ಉಳಿಸಿದರೆ ಜಾಗದ ಗುಣ ಉಳಿಯುತ್ತದೆ. ಇನ್ನೊಂದು ಮಾತು: ಬೇರನ್ನು ಹತ್ತುವುದು, ಸಡಿಲ ಗೋಡೆಯ ಮೇಲೆ ಕೂತು ಚಿತ್ರ ತೆಗೆಸಿಕೊಳ್ಳುವುದು ಗೋಡೆಗೂ ನಿಮಗೂ ಅಪಾಯ.

ಜಿಂಕೆ ಮತ್ತು ಕಟ್ಟಡ ಒಂದೇ ಚಿತ್ರದಲ್ಲಿ ಬರಬೇಕು. ಹೇಗೆ ಸಾಧಿಸುವುದು?

ಜಿಂಕೆಯ ಬೆನ್ನು ಹತ್ತಬೇಡಿ, ಕಟ್ಟಡದ ಬಳಿ ಕಾಯಿರಿ. ಬಿಸಿಲೇರಿದಂತೆ ಜಿಂಕೆಗಳು ನೆರಳು ಹುಡುಕುತ್ತ ಗೋಡೆಗಳ ಬುಡಕ್ಕೆ, ಮರಗಳಡಿಗೆ ಬಂದು ಮಲಗಿ ಮೆಲುಕು ಹಾಕುತ್ತವೆ. ಒಂದು ಬಾಗಿಲಿನ ಅಥವಾ ಕಮಾನಿನ ಚೌಕಟ್ಟನ್ನು ಮೊದಲೇ ಹೊಂದಿಸಿಟ್ಟು, ಫೋಕಸ್ ಮತ್ತು ಎಕ್ಸ್‌ಪೋಷರ್‌ಗಳನ್ನು ಸಿದ್ಧಮಾಡಿಕೊಂಡು, ನೆಲಕ್ಕೆ ಕುಳಿತುಕೊಳ್ಳಿ. ನಿಂತು ತೆಗೆದ ಚಿತ್ರದಲ್ಲಿ ಜಿಂಕೆ ಸಾಕುಪ್ರಾಣಿಯಂತೆ ಕೆಳಗೆ ಕಾಣುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ಇಳಿದಾಗ ಗೋಡೆ ಅದರ ಹಿಂದೆ ಎದ್ದುನಿಂತು, ಯಾರ ಮನೆಗೆ ಯಾರು ಬಂದಿದ್ದಾರೆ ಎಂಬ ಪ್ರಶ್ನೆ ಚಿತ್ರದಲ್ಲೇ ಮೂಡುತ್ತದೆ.

ನಾಗರಹೊಳೆಯ ಜಿಂಕೆಯನ್ನು ನೋಡಿದವರಿಗೆ ಇಲ್ಲಿನದರ ನಡವಳಿಕೆ ವಿಚಿತ್ರವೆನಿಸಬಹುದು. ಅಲ್ಲಿ ಮೇಯುತ್ತಿರುವ ಜಿಂಕೆ ಗಳಿಗೆಗೊಮ್ಮೆ ತಲೆಯೆತ್ತುತ್ತದೆ, ಬಾಲ ಮೇಲೇಳುತ್ತದೆ, ಮುಂಗಾಲು ನೆಲಕ್ಕೆ ಬಡಿಯುತ್ತದೆ. ಇಲ್ಲಿ ಆ ಎಚ್ಚರ ಬಹುಮಟ್ಟಿಗೆ ಅಳಿಸಿಹೋಗಿದೆ. ಉಳಿದಿರುವುದು ಕಿವಿ. ಮೆಲುಕು ಹಾಕುತ್ತ ಅರೆಗಣ್ಣು ಮುಚ್ಚಿ ಕೂತ ಗಂಡುಜಿಂಕೆಯ ಎರಡು ಕಿವಿಗಳೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತಿರುತ್ತವೆ. ಹಿಂದೆ ಎಲೆ ಸರಸರ ಎಂದರೆ ಒಂದು ಹಿಂದಕ್ಕೆ, ನಿಮ್ಮ ಶಟರ್ ಸದ್ದಿಗೆ ಇನ್ನೊಂದು ನಿಮ್ಮ ಕಡೆಗೆ. ಎರಡೂ ಕಿವಿ ಮುಂದಕ್ಕೆ ನಿಮಿರಿದ ಕ್ಷಣದಲ್ಲಿ ಚಿತ್ರ ತೆಗೆದರೆ ಅದರಲ್ಲಿ ಜೀವವಿರುತ್ತದೆ. ಅದಕ್ಕಾಗಿ ಸಿಳ್ಳೆ ಹಾಕುವುದು, ಚಪ್ಪಾಳೆ ತಟ್ಟುವುದು ಬೇಡ, ಮುಂದಿನ ಪ್ರವಾಸಿ ಗುಂಪು ಆ ಕೆಲಸವನ್ನು ಹೇಗೂ ಮಾಡುತ್ತದೆ. ಶಟರ್ ವೇಗ ಸೆಕೆಂಡಿನ 500ನೇ ಒಂದು ಭಾಗಕ್ಕಿಂತ ಕಡಿಮೆಯಾಗದಂತೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ರವರೆಗೆ ಏರಿಸಲು ಹಿಂಜರಿಯದಿರಿ. ಫ್ಲ್ಯಾಶ್ ಬಳಸಲೇಬೇಡಿ.

ತಿಂಡಿ ತೋರಿಸಿ ಪ್ರಾಣಿಗಳನ್ನು ಹತ್ತಿರ ಕರೆಯಬಹುದೇ? ಎಲ್ಲರೂ ಮಾಡುತ್ತಾರಲ್ಲ.

ಮಾಡುತ್ತಾರೆ, ಮಾಡಬಾರದು. ಬಿಸ್ಕತ್ತು, ಚಿಪ್ಸ್ ಜಿಂಕೆಯ ಹೊಟ್ಟೆಗೆ ಆಗುವಂಥವಲ್ಲ. ಮೆಲುಕು ಹಾಕುವ ಪ್ರಾಣಿಯ ಜೀರ್ಣಾಂಗ ಹುಲ್ಲು, ಸೊಪ್ಪುಗಳಿಗೆ ಹೊಂದಿಕೊಂಡದ್ದು. ಉಪ್ಪಿನ ವಾಸನೆಗೆ ಅವು ಪೊಟ್ಟಣವನ್ನೂ ಸೇರಿಸಿ ನುಂಗುವುದುಂಟು. ಕೈಯಿಂದ ತಿನ್ನಲು ಕಲಿತ ಗಂಡುಜಿಂಕೆ ಕೊಡದಿದ್ದಾಗ ಕೊಂಬಿನಿಂದ ತಿವಿಯಲೂ ಕಲಿಯುತ್ತದೆ, ಪಕ್ಕದಲ್ಲಿ ಮಗುವಿದ್ದರಂತೂ ಇದು ಆಟದ ಮಾತಲ್ಲ. ಇವೆಲ್ಲದರ ಮೇಲೆ, ತಿಂಡಿಗಾಗಿ ಕೈಯ ಕಡೆ ಕತ್ತು ಚಾಚಿದ ಜಿಂಕೆಯ ಚಿತ್ರ ಯಾವ ಮೃಗಾಲಯದಲ್ಲಿ ಬೇಕಾದರೂ ಸಿಗುತ್ತದೆ. ಅಷ್ಟಕ್ಕೆ ಸಮುದ್ರ ದಾಟಿ ಬರಬೇಕಾಗಿಲ್ಲ.

ನವಿಲು ಗರಿ ಬಿಚ್ಚುವುದನ್ನು ಯಾವಾಗ ನೋಡಬಹುದು?

ನಮ್ಮ ನಾಡಿನಲ್ಲಿ ಗಂಡುನವಿಲು ಮಳೆಗಾಲ ಮುಗಿಯುತ್ತಿದ್ದಂತೆ ಉದ್ದ ಗರಿಗಳನ್ನು ಉದುರಿಸಿ, ಬೇಸಿಗೆಯ ಹೊತ್ತಿಗೆ ಮತ್ತೆ ತುಂಬಿಕೊಂಡು, ಮುಂಗಾರಿನ ಮುಂಚೆ ಕುಣಿಯುತ್ತದೆ. ಇಲ್ಲಿಗೂ ಅದೇ ಲೆಕ್ಕ ಇಟ್ಟುಕೊಂಡು ಮಾರ್ಚ್, ಏಪ್ರಿಲ್‌ಗಳನ್ನು ನೆಚ್ಚಬಹುದು. ಡಿಸೆಂಬರ್‌ನಲ್ಲಿ ಹೋದವರು ಗಿಡ್ಡ ಬಾಲದ ನವಿಲನ್ನು ಕಂಡು ನಿರಾಶರಾಗಬೇಕಾಗಿಲ್ಲ. ಮುರಿದ ಗೋಡೆಯ ಮೇಲೆ ಕುಳಿತ ನವಿಲಿನ ಕತ್ತಿನ ನೀಲಿಗೂ ಪಾಚಿಯ ಹಸಿರಿಗೂ ಇರುವ ಹೊಂದಾಣಿಕೆಗೆ ಗರಿಯ ಹಂಗಿಲ್ಲ. ನೀಲಿ ಬಣ್ಣ ಬಿಸಿಲಿನಲ್ಲಿ ಬೇಗ ಸುಡುತ್ತದೆಯಾದ್ದರಿಂದ ಎಕ್ಸ್‌ಪೋಷರ್ ಸ್ವಲ್ಪ ತಗ್ಗಿಸಿ.

ಜಿಂಕೆ, ನವಿಲುಗಳಲ್ಲದೆ ಬೇರೇನು ಸಿಗುತ್ತದೆ?

ನಿಜವಾದ ಅಂಡಮಾನಿಗರನ್ನು ನೋಡಬೇಕೆಂದರೆ ಕಣ್ಣನ್ನು ಸಣ್ಣದಕ್ಕೆ ಒಗ್ಗಿಸಿಕೊಳ್ಳಬೇಕು. ಅಂಡಮಾನ್ ಹಗಲು ಹಲ್ಲಿ ಎಂಬ ಎಲೆಹಸಿರು ಬಣ್ಣದ, ಬೆನ್ನ ಮೇಲೆ ಕೆಂಪು ಮಚ್ಚೆಗಳಿರುವ ಹಲ್ಲಿ ಜಗತ್ತಿನಲ್ಲಿ ಈ ದ್ವೀಪಗಳ ಮೂಲನಿವಾಸಿ ಮಾತ್ರ. ಹೆಸರೇ ಹೇಳುವಂತೆ ಹಗಲಿನಲ್ಲಿ ಓಡಾಡುವ ಇದನ್ನು ಬಾಳೆ, ತೆಂಗಿನ ಬುಡಗಳಲ್ಲಿ, ಗೋಡೆಗಳ ಮೇಲೆ ಹುಡುಕಬೇಕು. ಕಡಲ ಬಂಡೆಗಳ ಮೇಲೆ ಕರಿಬೂದು ಅಥವಾ ಅಚ್ಚ ಬಿಳಿ ಬಣ್ಣದ ಬಂಡೆ ಬೆಳ್ಳಕ್ಕಿ ಕಾಣಬಹುದು, ಎರಡೂ ಒಂದೇ ಜಾತಿ. ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಸುತ್ತುತ್ತಿದ್ದರೆ ಹೋಟೆಲಿನಲ್ಲಿ ಬಿಟ್ಟುಬಂದ ಉದ್ದ ಲೆನ್ಸ್ ನೆನಪಾಗುತ್ತದೆ, ಅಷ್ಟು ನಷ್ಟ ತಡೆದುಕೊಳ್ಳಬಹುದು.

ಚಿಪ್ಪು ಹೊತ್ತು ನಡೆಯುವ ಸನ್ಯಾಸಿ ಏಡಿಗಳು ಮಕ್ಕಳಿಗೆ ಪ್ರಿಯ. ಅವನ್ನು ಕೈಗೆತ್ತಿಕೊಂಡು ಬಂಡೆಯ ಮೇಲೆ ಜೋಡಿಸಿ ಚಿತ್ರ ತೆಗೆಯುವ ಅಭ್ಯಾಸವನ್ನು ನಿಲ್ಲಿಸಬೇಕು. ಚಿಪ್ಪು, ಸತ್ತ ಹವಳ ಯಾವುದನ್ನೂ ಜೇಬಿಗೆ ಹಾಕಬೇಡಿ. ಹವಳ ಕಾನೂನಿನ ರಕ್ಷಣೆಯಲ್ಲಿದೆ, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆಯಾಗುತ್ತದೆ. ಬೇರೆಯವರು ಬಿಟ್ಟ ಖಾಲಿ ಚಿಪ್ಪು ನಾಳೆ ಒಂದು ಏಡಿಗೆ ಬೇಕಾಗುತ್ತದೆ.

ಇಲ್ಲಿ ಹಿಂದೆ ಯಾರಾದರೂ ಛಾಯಾಗ್ರಾಹಕರು ಇದ್ದರೇ?

ಇದು ಕಡಿಮೆ ಜನ ಕೇಳುವ, ಆದರೆ ಕೇಳಬೇಕಾದ ಪ್ರಶ್ನೆ. 1862ರಿಂದ 1864ರವರೆಗೆ ಇಲ್ಲಿನ ಅಧೀಕ್ಷಕನಾಗಿದ್ದ ರಾಬರ್ಟ್ ಟೈಟ್ಲರ್ ಮತ್ತು ಅವನ ಹೆಂಡತಿ ಹ್ಯಾರಿಯೆಟ್ ಇಬ್ಬರೂ ಛಾಯಾಗ್ರಾಹಕರು. 1857ರ ದಂಗೆ ಅಡಗಿದ ಬೆನ್ನಿಗೆ ದೆಹಲಿ, ಲಖನೌಗಳ ಹಾಳುಬಿದ್ದ ಕಟ್ಟಡಗಳನ್ನು ದೊಡ್ಡ ಗಾತ್ರದ ನೆಗೆಟಿವ್‌ಗಳಲ್ಲಿ ಸೆರೆಹಿಡಿದವರು. ರಾಬರ್ಟ್ ಪಕ್ಷಿಶಾಸ್ತ್ರದಲ್ಲೂ ಆಸಕ್ತ, ಒಂದು ಪುಟ್ಟ ಎಲೆ ಉಲಿಯಕ್ಕಿಗೆ ಅವನ ಹೆಸರಿದೆ. ರಾಸ್‌ನ ಎದುರಿಗಿರುವ ಬೆಟ್ಟಕ್ಕೆ ಬಹುಕಾಲ ಹ್ಯಾರಿಯೆಟ್ ಹೆಸರಿತ್ತು, 2021ರಲ್ಲಿ ಅದು ಮೌಂಟ್ ಮಣಿಪುರ ಆಯಿತು. ದಂಗೆಯ ಅವಶೇಷಗಳ ಚಿತ್ರ ತೆಗೆದವರೇ ಆ ದಂಗೆಯ ಕೈದಿಗಳ ಮೇಲಧಿಕಾರಿಗಳಾಗಿ ಇಲ್ಲಿಗೆ ಬಂದರೆಂಬುದು ಯೋಚಿಸತಕ್ಕ ಸಂಗತಿ. ಪಾಳುಕಟ್ಟಡದ ಚಿತ್ರ ಎಂದೂ ಬರಿಯ ಸೌಂದರ್ಯದ ವಿಷಯವಾಗಿರಲಿಲ್ಲ.

ಚರ್ಚು ಮತ್ತು ಸ್ಮಶಾನದಲ್ಲಿ ಚಿತ್ರ ತೆಗೆಯುವುದು ಸರಿಯೇ?

ಸರಿ, ಮರ್ಯಾದೆಯಿಂದ. ಚರ್ಚಿನ ಕಿಟಕಿಗಳಿಗೆ ಬರ್ಮಾ ತೇಗವನ್ನೂ ಬಲಿಪೀಠದ ಹಿಂದಿನ ಬಣ್ಣದ ಗಾಜನ್ನು ಇಟಲಿಯಿಂದಲೂ ತರಿಸಿದ್ದರೆಂದು ಹೇಳಲಾಗುತ್ತದೆ. ಈಗ ಗಾಜಿನ ಜಾಗದಲ್ಲಿ ಆಕಾಶವಿದೆ. ಗೋರಿಕಲ್ಲುಗಳ ಮೇಲೆ ಕಾಲಿಡುವುದು, ಅಕ್ಷರ ಎದ್ದು ಕಾಣಲೆಂದು ಸುಣ್ಣ ಅಥವಾ ನೀರು ಸವರುವುದು ಬೇಡ, ಓರೆ ಬೆಳಕಿನಲ್ಲಿ ಅವು ತಾವಾಗಿಯೇ ಕಾಣುತ್ತವೆ. ಹೆಸರು ಕೆತ್ತಿದ ಗೋರಿಗಳು ಆಳಿದವರವು. ದ್ವೀಪವನ್ನು ಕಟ್ಟಿದ ಕೈದಿಗಳಿಗೆ ಅಂಥ ಕಲ್ಲುಗಳಿಲ್ಲ. ಅವರ ಗುರುತು ಬೇಕೆನ್ನುವವರು ಗೋಡೆಯ ಇಟ್ಟಿಗೆಯನ್ನೇ ಹತ್ತಿರದಿಂದ ಚಿತ್ರಿಸಬಹುದು.

ಉಪ್ಪುಗಾಳಿ ಮತ್ತು ತೇವದಿಂದ ಕ್ಯಾಮೆರಾ ಕಾಪಾಡುವುದು ಹೇಗೆ?

ಎಸಿ ಕೋಣೆಯಿಂದ ಹೊರಬಂದೊಡನೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ, ಅದು ಆರಲು ಕಾಲು ಗಂಟೆಯಿಂದ ಅರ್ಧ ಗಂಟೆ ಬೇಕು. ರಾತ್ರಿಯೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಹೊರಗಿನ ಶಾಖಕ್ಕೆ ಹೊಂದಿಕೊಂಡ ಮೇಲೆಯೇ ತೆರೆಯಿರಿ. ದೋಣಿಯಲ್ಲಿ ಲೆನ್ಸ್ ಬದಲಿಸಬೇಡಿ. ಉಪ್ಪುಹನಿ ಬಿದ್ದರೆ ಒಣಬಟ್ಟೆಯಿಂದ ಉಜ್ಜದೆ, ಮೊದಲು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆದು ಆಮೇಲೆ ಒರೆಸಿ. ಒಣಗಿದ ಉಪ್ಪಿನ ಹರಳು ಗಾಜನ್ನು ಗೀರುತ್ತದೆ.

ಡ್ರೋನ್ ಹಾರಿಸಬಹುದೇ? ಯಾವುದಾದರೂ ನಿರ್ಬಂಧಗಳಿವೆಯೇ?

ಅನುಮತಿಯಿಲ್ಲದೆ ಡ್ರೋನಿನ ಯೋಚನೆಯನ್ನೇ ಬಿಡಿ. ಇದು ನೌಕಾಪಡೆಯ ನೆಲೆಯಿರುವ ಆಯಕಟ್ಟಿನ ಪ್ರದೇಶ. ನೌಕಾಪಡೆಯ ಕಟ್ಟಡಗಳು, ಹಡಗುಗಳು, ನಿಷೇಧದ ಫಲಕ ಇರುವ ಜಾಗಗಳ ಕಡೆ ಕ್ಯಾಮೆರಾ ತಿರುಗಿಸಬಾರದು. ಸಂದೇಹವಿದ್ದರೆ ಕಾವಲಿನವರನ್ನು ಕೇಳಿದರೆ ನೇರವಾಗಿ ಹೇಳುತ್ತಾರೆ.

ರಾಸ್‌ಗೆ ಸಂಬಂಧಿಸದಿದ್ದರೂ ಅಂಡಮಾನಿಗೆ ಹೋಗುವ ಪ್ರತಿಯೊಬ್ಬ ಛಾಯಾಗ್ರಾಹಕರಿಗೂ ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಬಾರಾಟಾಂಗ್ ಕಡೆಗೆ ಹೋಗುವ ರಸ್ತೆಯಲ್ಲಿ ಜಾರವಾ ಜನರ ಚಿತ್ರ ತೆಗೆಯುವುದು, ವಿಡಿಯೊ ಮಾಡುವುದು 1956ರ ಮೂಲನಿವಾಸಿ ಬುಡಕಟ್ಟುಗಳ ಸಂರಕ್ಷಣಾ ನಿಯಮಾವಳಿಯಡಿ ಶಿಕ್ಷಾರ್ಹ ಅಪರಾಧ. ವಾಹನದ ಕಿಟಕಿಯಿಂದ ಮೊಬೈಲಿನಲ್ಲಿ ತೆಗೆದರೂ ಅಪರಾಧವೇ.

ಚಿತ್ರಗಳನ್ನು ಹಂಚಿಕೊಳ್ಳುವಾಗ ಶೀರ್ಷಿಕೆಯಲ್ಲಿ ಏನು ಬರೆಯಬೇಕು?

ಸ್ಥಳದ ಹೊಸ ಹೆಸರು, ಆವರಣದಲ್ಲಿ ಹಳೆಯದು, ತೆಗೆದ ತಿಂಗಳು ಮತ್ತು ವರ್ಷ, ಕಟ್ಟಡ ಯಾವುದೆಂದು ತಿಳಿದಿದ್ದರೆ ಅದು. ವರ್ಷ ಬರೆಯುವುದು ವಾಡಿಕೆಗಾಗಿ ಅಲ್ಲ, ಗೋಡೆಗಳು ಪ್ರತಿ ಮಳೆಗಾಲದಲ್ಲೂ ಒಂದಿಷ್ಟು ಕಳಚುತ್ತವೆ, ಬೇರುಗಳು ಬೆಳೆಯುತ್ತವೆ, ಆಗಾಗ ದುರಸ್ತಿಯೂ ನಡೆಯುತ್ತದೆ. ದಿನಾಂಕವಿಲ್ಲದ ಚಿತ್ರ ಮುಂದೆ ಹೋಲಿಸಿ ನೋಡುವವರಿಗೆ ಉಪಯೋಗಕ್ಕೆ ಬಾರದು. ಜಿಂಕೆ ಅಥವಾ ನವಿಲಿನ ಚಿತ್ರವಾದರೆ ‘ಅಂಡಮಾನಿನ ವನ್ಯಜೀವಿ’ ಎಂದಷ್ಟೇ ಬರೆದು ಬಿಡದೆ ‘ಹೊರಗಿನಿಂದ ತಂದು ಬಿಟ್ಟ ಪ್ರಭೇದ’ ಎಂದು ಸೇರಿಸಿ. ಹಗಲು ಹಲ್ಲಿಯ ಚಿತ್ರ ಸಿಕ್ಕಿದ್ದರೆ ಆ ಮಾತನ್ನು ಸೇರಿಸುವ ಅಗತ್ಯವಿಲ್ಲ.